ದಂಡಿನ ಬಯಲಲ್ಲಿ ರಾಣಿ ಕಾಲದ ವಿಹಾರ

ನಮ್ಮದು ಹೆಸರಿಲ್ಲದ ಗುಂಪು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಮೇಡಂ, ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಕೋಡ್ ಬರೆಯುವ ಹುಡುಗ, ಜಲವರ್ಣದ ಹುಚ್ಚು ಹತ್ತಿಸಿಕೊಂಡ ಅವನ ಗೆಳತಿ, ಜೊತೆಗೆ ನಾನು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಂಗಳೂರಿನ ದೊರೆಗಳು ಹೊತ್ತು ಕಳೆಯಲು ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ನಾವೂ ಮಾಡಿ ನೋಡೋಣ ಎನ್ನುವುದು ನಮ್ಮ ಆಟ. ಬೆಳಗಿನ ವಾಯುಸೇವನೆ, ಚಿಟ್ಟೆ ಹುಡುಕಾಟ, ಕೆರೆಯ ದಡದಲ್ಲಿ ಕೂತು ಚಿತ್ರ ಬಿಡಿಸುವುದು, ಬ್ಯಾಂಡು ಕೇಳುವುದು, ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಊರಾಚೆ ಹೋಗುವುದು. ನೆಲ ಗುಡಿಸುವ ಗೌನು, ಕುತ್ತಿಗೆ ಬಿಗಿಯುವ ಕಾಲರು ನಮಗೆ ಬೇಡ. ಬ್ಯಾಂಕಿನ ಸಾರ್ ಮಾತ್ರ ಎಲ್ಲಿಂದಲೋ ಸಂಪಾದಿಸಿದ ಬೆಂಡಿನ ಸೋಲಾ ಟೋಪಿಯನ್ನು ಬಿಡುವುದಿಲ್ಲ. ಫೋನು ಚೀಲದೊಳಗೇ ಇರಬೇಕೆಂಬುದು ನಮ್ಮ ಕಟ್ಟಳೆ. ಚಿಟ್ಟೆಯ ಫೋಟೊಕ್ಕೆ ಮಾತ್ರ ವಿನಾಯಿತಿ.

ನಾನು ಪೇಟೆ ಕಡೆಯವನು, ತ್ಯಾಗರಾಜನಗರದವನು. ಯಾರಾದರೂ ದಂಡಿಗೆ ಹೋಗಿದ್ದಾರೆ ಎಂದರೆ ನಮ್ಮ ಅಜ್ಜಿಯ ಬಾಯಲ್ಲಿ ಅದು ಪರದೇಶಕ್ಕೆ ಹೋದ ಸುದ್ದಿ. ಅಜ್ಜಿಯ ಲೆಕ್ಕ ತಪ್ಪೇನಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಎದ್ದು ಬಂದ ಬ್ರಿಟಿಷ್ ಸೇನೆ ಹಲಸೂರಿನ ಆಸುಪಾಸಿನಲ್ಲಿ ಡೇರೆ ಹಾಕಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತಾದರೂ ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರು ಹೊತ್ತು, ಬ್ರಿಟಿಷ್ ರೆಸಿಡೆಂಟರ ಅಂಕೆಯಲ್ಲೇ 1947ರವರೆಗೆ ಇತ್ತು. ಪೇಟೆಗೂ ದಂಡಿಗೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಈಗ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಇಳಿದು ನೇರಳೆ ಮಾರ್ಗದ್ದು ಹತ್ತಿದರೆ ಗಡಿ ಯಾವಾಗ ದಾಟಿತೆಂದೇ ತಿಳಿಯುವುದಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಟ್ರಿನಿಟಿ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಎಲ್ಲರೂ ಸೇರಿದೆವು. ಎದುರಿಗೆ ಹೋಲಿ ಟ್ರಿನಿಟಿ ಚರ್ಚು, 1850ರ ದಶಕದ ಆರಂಭದಲ್ಲಿ ಸೈನಿಕರಿಗೆಂದು ಕಟ್ಟಿದ್ದು. ರಾಣಿ ಕಾಲದ ಬೆಂಗಳೂರನ್ನು ನಡೆದೇ ನೋಡುವವರಿಗೆ ಇದೇ ಹೆಬ್ಬಾಗಿಲು. ಬೆಂಗಳೂರು ವಾಕ್ಸ್ ಸಂಸ್ಥೆಯವರ ವಿಕ್ಟೋರಿಯನ್ ನಡಿಗೆ ಶುರುವಾಗುವುದೂ ಇಲ್ಲಿಂದಲೇ. ಇಂಟ್ಯಾಕ್‌ನ ಬೆಂಗಳೂರು ಶಾಖೆಯವರೂ ಊರಿನ ಹಳೆಯ ಓಣಿಗಳಲ್ಲಿ ಜನರನ್ನು ಕರೆದುಕೊಂಡು ತಿರುಗುತ್ತಾರೆ. ನಾವು ಯಾರ ಹಿಂದೆಯೂ ಹೋಗದೆ ನಮ್ಮ ಪಾಡಿಗೆ ಒಳಹೊಕ್ಕೆವು.

ಒಳಗೆ ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ ಅಮೃತಶಿಲೆಯಾಗಿ ನಿಂತಿದ್ದಾರೆ. ಮೈಸೂರು ಡಿವಿಷನ್ನಿನ ಸೇನಾಧಿಕಾರಿಯಾಗಿದ್ದ ಇವರು ತೀರಿಕೊಂಡದ್ದು ಕಾಳಗದಲ್ಲಲ್ಲ. 1845ರ ಜನವರಿಯಲ್ಲಿ ಗೇರುಸೊಪ್ಪೆಯ ಜಲಪಾತ, ಅಂದರೆ ನಮ್ಮ ಜೋಗ ನೋಡಲು ಹೋದಾಗ. "ಪ್ರವಾಸಿಗರ ಪೈಕಿ ನಮಗಿಂತ ಸೀನಿಯರ್" ಎಂದು ಬ್ಯಾಂಕಿನ ಸಾರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನಗು ಬಂತು, ಜೊತೆಗೇ ಒಂದು ಯೋಚನೆಯೂ ಬಂತು. ರೈಲಿಲ್ಲ, ನೆಟ್ಟಗೆ ಒಂದು ರಸ್ತೆಯಿಲ್ಲದ ಕಾಲದಲ್ಲಿ ಬೆಂಗಳೂರಿನ ಸೇನಾಧಿಕಾರಿಯೊಬ್ಬ ಜಲಪಾತ ನೋಡಲು ಹೊರಟನೆಂದರೆ ಅವನ ಮೇಜು, ಕುರ್ಚಿ, ಡೇರೆ, ಅಡಿಗೆಯ ಪಾತ್ರೆಗಳು ಘಟ್ಟ ಇಳಿದದ್ದು ಹೇಗೆ? ಅದನ್ನೆಲ್ಲ ಹೊತ್ತವರು ಯಾರು? ಅಮೃತಶಿಲೆಯಲ್ಲಿ ಅದಕ್ಕೆ ಉತ್ತರವಿಲ್ಲ. ಪ್ರಶ್ನೆ ಮಾತ್ರ ನನ್ನ ಜೊತೆ ಹೊರಗೆ ಬಂತು.

ಎಂ.ಜಿ. ರಸ್ತೆ ಅಂದಿನ ಸೌತ್ ಪೆರೇಡ್. ಬಲಕ್ಕೆ ಪೆರೇಡ್ ಮೈದಾನ. ಕವಾಯತು ನಡೆಯುವ ಬಯಲು ನಡುವೆ, ಅಂಗಡಿಸಾಲು ಅದರ ದಂಡೆಗೆ. ಎಡಕ್ಕೆ ಮೇಯೊ ಹಾಲ್. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೊ ನೆನಪಿಗೆ ಕಟ್ಟಿ, 1883ರಲ್ಲಿ ತೆರೆದ ಕಟ್ಟಡ. ಮೆಟ್ರೊ ಕಂಬಗಳ ನೆರಳಿನಲ್ಲಿ ಸೇಂಟ್ ಮಾರ್ಕ್ಸ್ ಚರ್ಚಿನವರೆಗೆ ನಡೆದರೆ ರಸ್ತೆ ಮುಗಿದು ಉದ್ಯಾನ ಶುರು. ಅಲ್ಲಿ ಸ್ವತಃ ರಾಣಿ ಇದ್ದಾಳೆ, ಥಾಮಸ್ ಬ್ರಾಕ್ ಕಡೆದ ಬಿಳಿಯ ಅಮೃತಶಿಲೆಯಲ್ಲಿ. ಆಕೆ ತೀರಿಕೊಂಡದ್ದು 1901ರಲ್ಲಿ. ಮುಂದೆ ಐದನೇ ಜಾರ್ಜ್ ಆದ ಮೊಮ್ಮಗ 1906ರ ಫೆಬ್ರುವರಿಯಲ್ಲಿ ಬಂದು ಈ ವಿಗ್ರಹದ ಮುಸುಕು ಸರಿಸಿದ. ಆಕೆಯ ಬೆನ್ನ ಕಡೆ ಪೇಟೆ, ಮುಖದ ಕಡೆ ದಂಡು ಎಂದು ಹುಡುಗ ನಕ್ಷೆ ನೆನೆದು ಲೆಕ್ಕ ಹಾಕಿದ. ಮೇಡಂ ಆ ಹೊತ್ತಿಗಾಗಲೇ ಹೂವಿನ ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

ಕಬ್ಬನ್ ಪಾರ್ಕನ್ನು ಹಾಕಿಸಿದ್ದು 1870ರಲ್ಲಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಆಗ ಅದರ ಹೆಸರು ಮೀಡ್ಸ್ ಪಾರ್ಕ್. ಶನಿವಾರದ ಬೆಳಿಗ್ಗೆ ಈಗ ಅಲ್ಲಿ ಕಾಲಿಡಲು ಜಾಗವಿಲ್ಲ. ನಾಯಿ ಆಡಿಸುವವರು, ಯೋಗದವರು, ಮದುವೆ ಫೋಟೊದವರು. 2023ರಿಂದ ಚಾಪೆ ಹಾಸಿ ಒಬ್ಬರಿಗೊಬ್ಬರು ಮಾತಾಡದೆ ಪುಸ್ತಕ ಓದುವ ಕಬ್ಬನ್ ರೀಡ್ಸ್‌ನವರು. ಹಿಂದೆ ಬ್ಯಾಂಡು ನುಡಿಯುತ್ತಿದ್ದ ಎಂಟು ಮೂಲೆಯ ಎರಕದ ಕಬ್ಬಿಣದ ಮಂಟಪ ಇನ್ನೂ ಇದೆ. ಅದರ ಮೆಟ್ಟಿಲ ಮೇಲೆ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮೀಟಿಂಗಿನಲ್ಲಿದ್ದಳು.

ಚಿಟ್ಟೆ ನೋಡುವುದು ಮೇಡಂ ಅವರ ಇಲಾಖೆ. ರಾಣಿ ಕಾಲದವರು ಬಲೆ ಬೀಸಿ ಹಿಡಿದು, ವಿಷದ ಸೀಸೆಗೆ ಹಾಕಿ, ಗುಂಡುಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಮೇಡಂ ಫೋನಿನಲ್ಲಿ ಹಿಡಿದು ಬಿಟ್ಟುಬಿಡುತ್ತಾರೆ. ಅಂದು ಸಿಕ್ಕವು ಬ್ಲೂ ಟೈಗರ್, ಕಾಮನ್ ಜೆಸೆಬೆಲ್, ಆಮೇಲೊಂದು ಕಾಮನ್ ಮಾರ್ಮನ್. "ಇದರ ಹುಳ ನಿಮ್ಮ ಮನೆ ಕರಿಬೇವಿನ ಗಿಡದಲ್ಲೇ ಬೆಳೆಯೋದು. ಸೊಪ್ಪು ತಿಂದ್ಹಾಕ್ತು ಅಂತ ಕಿತ್ತು ಬಿಸಾಕ್ತೀರಲ್ಲ, ಅದೇ ಇದು" ಎಂದು ನನ್ನ ಕಡೆ ತಿರುಗಿ ಅಂದರು. ಪಾಠ ಮಾಡುವ ದನಿ ಅದು, ಉತ್ತರ ಕೊಡುವಂತಿರಲಿಲ್ಲ.

ಬೆಂಗಳೂರಿನ ಚಿಟ್ಟೆಗಳ ಬೆನ್ನು ಹತ್ತಿದವರಲ್ಲಿ ಎಲ್ಲರಿಗಿಂತ ಹೆಸರಾದವನು ವಿನ್‌ಸ್ಟನ್ ಚರ್ಚಿಲ್. 1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಕುದುರೆ ಪಡೆಯ ಜೊತೆ ಬಂದಾಗ ಅವನಿಗೆ ಇನ್ನೂ 21. ಬೆಳಿಗ್ಗೆ ಕವಾಯತು, ಬಿಸಿಲೇರಿದ ಮೇಲೆ ಪುಸ್ತಕ, ಸಂಜೆ ಪೋಲೊ. ತಾಯಿ ಹಡಗಿನಲ್ಲಿ ಕಳಿಸಿದ ಗಿಬ್ಬನ್, ಮೆಕಾಲೆಯ ಸಂಪುಟಗಳನ್ನು ಅವನು ಓದಿ ಮುಗಿಸಿದ್ದು ಇದೇ ಊರಿನಲ್ಲಿ. ಅಂಗಳದಲ್ಲಿ ಗುಲಾಬಿ ಬೆಳೆಸಿದ, ಚಿಟ್ಟೆ ಕೂಡಿಹಾಕಿದ. ಒಂದು ದಿನ ಇಲಿಯೊಂದು ಪೆಟ್ಟಿಗೆಗೆ ನುಗ್ಗಿ ಅಷ್ಟನ್ನೂ ತಿಂದು ಹಾಕಿತು. ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನಲ್ಲಿ ಉಳಿದ 13 ರೂಪಾಯಿ ಬಾಕಿಯ ಕಥೆಯಂತೂ ಊರಿಗೇ ಗೊತ್ತು.

ಊರಿಗೆ ಅಷ್ಟಾಗಿ ಗೊತ್ತಿಲ್ಲದ ಲೆಕ್ಕ ಇನ್ನೊಂದಿದೆ. ಚರ್ಚಿಲ್, ಅವನ ಪಡೆಯ ಗೆಳೆಯರಾದ ಬೇರಿಂಗ್, ಬಾರ್ನ್ಸ್ ಮೂವರೂ ಸೇರಿ ಒಂದು ಬಂಗಲೆ ಹಿಡಿದಿದ್ದರು. ತಲೆಗೊಬ್ಬ ಬಟ್ಲರ್, ಬಟ್ಟೆ ತೊಡಿಸಲು ತಲೆಗಿಬ್ಬರು ಹುಡುಗರು, ಒಂದೊಂದು ಕುದುರೆಗೂ ಒಬ್ಬೊಬ್ಬ ಸೈಸ. ಇದರ ಮೇಲೆ ಮೂವರಿಗೂ ಸೇರಿ ಇಬ್ಬರು ಮಾಲಿಗಳು, ನೀರು ಹೊರಲು ಮೂವರು ಭಿಸ್ತಿಗಳು, ನಾಲ್ವರು ದೋಬಿಗಳು, ಒಬ್ಬ ಕಾವಲುಗಾರ. ಬಚ್ಚಿಟ್ಟದ್ದನ್ನು ಯಾರೋ ಅಗೆದು ತೆಗೆದ ಪಟ್ಟಿಯಲ್ಲ ಇದು. ತಾಯಿಗೆ ಬರೆದ ಕಾಗದದಲ್ಲಿ ಚರ್ಚಿಲ್ಲೇ ಖುಷಿಯಾಗಿ ಬರೆದುಕೊಂಡದ್ದು. ಮೂವರ ಬಿಡುವಿಗೆ ಹತ್ತೊಂಬತ್ತು ಜನ, ಸೈಸರು ಬೇರೆ. ಗುಲಾಬಿಯ ಹೆಸರು ಬರಹದಲ್ಲಿ ಉಳಿಯಿತು, ನೀರು ಹಾಕಿದವರು ಎಣಿಕೆಯಲ್ಲಿ ಉಳಿದರು. ಚರ್ಚಿನಿಂದ ಜೊತೆಗೆ ಬಂದಿದ್ದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ರಾಣಿ ಕಾಲದ ವಿಹಾರ ಎನ್ನುವುದು ತಾನಾಗಿ ಒದಗಿದ ವಿರಾಮವಲ್ಲ, ಒಂದು ಕಾರ್ಖಾನೆಯ ಉತ್ಪನ್ನ. ಆ ಕಾರ್ಖಾನೆಯ ಕೆಲಸಗಾರರು ಶಿವಾಜಿನಗರ, ಹಲಸೂರುಗಳ ಓಣಿಗಳಲ್ಲಿ ಇದ್ದರು.

ಹಾಗಾಗಿ ಮಧ್ಯಾಹ್ನ ನಾವು ಹೊರಟದ್ದು ಹಲಸೂರಿಗೆ. ಊಟಕ್ಕೆ ಇಂದಿರಾನಗರದಲ್ಲಿ ಮೂರು ಅಂತಸ್ತಿನ ಪಿಂಗಾಣಿ ತಟ್ಟೆಯಲ್ಲಿ ಕೇಕು, ಸ್ಯಾಂಡ್‌ವಿಚ್ ಜೋಡಿಸಿ ಕೊಡುವ ಹೋಟೆಲೊಂದಿದೆ, ಕಾಲಕ್ಕೆ ಒಪ್ಪುತ್ತದೆ ಎಂದು ಬ್ಯಾಂಕಿನ ಸಾರ್ ಆಸೆ ತೋರಿಸಿದರು. ಅದರ ಬೆಲೆ ಕೇಳಿ ಅವರೊಳಗಿನ ಬ್ಯಾಂಕ್ ಅಧಿಕಾರಿಯೇ ಬೇಡವೆಂದ. ಸೋಮೇಶ್ವರ ದೇವಸ್ಥಾನದ ಹತ್ತಿರ ಅನ್ನ, ಸಾರು, ಹಪ್ಪಳ ಮುಗಿಸಿ ಕೆರೆಯ ದಡಕ್ಕೆ ನಡೆದೆವು.

ಕೆಂಪೇಗೌಡರ ವಂಶದವರ ಕಾಲದ ಕೆರೆ ಇದು, ನಡುವೆ ಅಲ್ಲಲ್ಲಿ ಮರ ತುಂಬಿದ ನಡುಗಡ್ಡೆಗಳು. ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ, ಈಗದು ಎಂಇಜಿ. ಚಿತ್ರದ ಹುಡುಗಿ ಬಣ್ಣದ ಪೆಟ್ಟಿಗೆ ಬಿಚ್ಚಿದಳು. ಅವಳ ಆರಾಧ್ಯದೈವ ಎಡ್ವರ್ಡ್ ಲಿಯರ್. ಮಕ್ಕಳ ತಮಾಷೆ ಪದ್ಯಗಳಿಂದ ಹೆಸರಾದ ಲಿಯರ್ ಹೊಟ್ಟೆಪಾಡಿಗೆ ನಿಸರ್ಗಚಿತ್ರ ಬರೆಯುತ್ತಿದ್ದವನು. ಅರವತ್ತು ದಾಟಿದ ಮೇಲೆ ಜಿಯಾರ್ಜಿಯೊ ಎಂಬ ಆಳನ್ನು ಜೊತೆಗಿಟ್ಟುಕೊಂಡು ಹಿಂದೂಸ್ಥಾನ ಸುತ್ತಿದ, 1874ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂದ. "ಅವನಿಗೆ ಸಾಮಾನು ಹೊರೋಕೆ ಆಳಿದ್ದ. ನನಗೆ ಇವನಿದ್ದಾನೆ" ಎಂದು ಗೆಳೆಯನ ಕಡೆ ಕುಂಚ ತೋರಿಸಿದಳು. ಅವನು ಆಗಲೇ ನೀರಿನ ಬಾಟಲಿ, ಮಡಚುವ ಸ್ಟೂಲು, ಛತ್ರಿ ಮೂರನ್ನೂ ಹಿಡಿದು ನಿಂತಿದ್ದ.

ಒಂದೇ ಜಾಗವನ್ನು ತಾಸುಗಟ್ಟಲೆ ನೋಡುವುದು ನಮಗೆ ಮರೆತೇ ಹೋಗಿರುವ ಕೆಲಸ. ಸುಮ್ಮನೆ ಕೂತೆ. ಮೊದಲು ಕಂಡದ್ದು ಪಾಚಿ, ಮೂಗಿಗೆ ಬಡಿದದ್ದು ಅದರ ವಾಸನೆ. ಹೊತ್ತು ಹೋದಂತೆ ನೀರುಕಾಗೆ ಮುಳುಗುವುದು, ಏಳುವುದು ಕಾಣತೊಡಗಿತು. ಬೇಲಿಯ ಸರಳಿಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದ ಪೌರಕಾರ್ಮಿಕರು, ಅವರ ಮಾತಿನಲ್ಲಿ ಬೆರೆತ ತೆಲುಗು ಕನ್ನಡ ಕಿವಿಗೆ ಬಿದ್ದವು. ಹುಡುಗಿಯ ಚಿತ್ರದಲ್ಲಿ ಕೆರೆಗಿಂತ ಅವರೇ ದೊಡ್ಡದಾಗಿ ಬಂದಿದ್ದರು. ಲಿಯರ್ ಕಾಲದ ಚಿತ್ರಗಳಲ್ಲಿ ದೇಶೀಯರು ದೃಶ್ಯದ ಅಳತೆ ತೋರಿಸಲು ಮೂಲೆಯಲ್ಲಿಟ್ಟ ಪುಟ್ಟ ಗೊಂಬೆಗಳು. ಇವಳ ಹಾಳೆಯಲ್ಲಿ ಆ ಅಳತೆ ತಲೆಕೆಳಗಾಗಿತ್ತು.

ಕೆರೆಯಿಂದ ಅನತಿ ದೂರದ ಗೌತಮಪುರಕ್ಕೆ ಹಿಂದೆ ಗನ್ ಟ್ರೂಪ್ ಎಂಬ ಹೆಸರಿತ್ತು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಸಾಲಿನಲ್ಲಿ ಚೆಂಡು ಹಿಡಿದ ಪೆಲೆಯ ಪ್ರತಿಮೆಯೂ ಇದೆ. ಕಾಲ್ಚೆಂಡಿಗೆ ಲಂಡನ್ನಿನಲ್ಲಿ 1863ರಲ್ಲಿ ಕಟ್ಟಳೆ ಬರೆದರು. ಸಿಪಾಯಿಗಳು ಅದನ್ನು ದಂಡಿಗೆ ತಂದರು. ಬೇಲಿಯಾಚೆ ನಿಂತು ನೋಡಿದ ಹಲಸೂರಿನ ಹುಡುಗರು ಬರಿಗಾಲಿನಲ್ಲೇ ಕಲಿತರು. ಆಮೇಲಿನದು ಚರಿತ್ರೆ. 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ವರ್ಷ ವರ್ಷವೂ ಗೋರಾ ಪಡೆಗಳು ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಅದನ್ನು ಗೆದ್ದು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ, 1938ರಲ್ಲೂ ಅವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ.

ನಾವು ಹೋದಾಗ ಮಣ್ಣಿನ ಮೈದಾನದಲ್ಲಿ ಪಂದ್ಯ ಅರ್ಧಕ್ಕೆ ಬಂದಿತ್ತು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಸರಿದು ಜಾಗ ಕೊಟ್ಟರು. "ಎಲ್ಲಿಂದ ಸಾರ್ ಬಂದಿರೋದು? ಸಿಟಿ ಕಡೆಯಿಂದಾನಾ?" ಎಂದರು. ಇಷ್ಟು ವರ್ಷಗಳ ಮೇಲೂ ಅವರ ಪಾಲಿಗೆ ನಾವು ಸಿಟಿಯವರು, ಅವರು ದಂಡಿನವರು. ಬ್ಯಾಂಕಿನ ಸಾರ್ ನಮ್ಮ ಹವ್ಯಾಸದ ವೃತ್ತಾಂತ ಒಪ್ಪಿಸಿದರು: ರಾಣಿ ಕಾಲ, ವಾಯುಸೇವನೆ, ಪೋಲೊ, ಚಿಟ್ಟೆ. ಹಿರಿಯರು ಟೋಪಿಯನ್ನೇ ನೋಡುತ್ತಾ ಕೇಳಿಸಿಕೊಂಡರು. "ಅದೆಲ್ಲಾ ಅವರ ಜೊತೆನೇ ಹೋಯ್ತು ಸಾರ್. ಇದು ಒಂದು ನಮ್ಮ ಹತ್ರ ಉಳ್ಕೊಂತು. ನಮ್ಮಪ್ಪ ಆಡಿದ್ರು, ನಾನು ಆಡಿದೆ, ನೋಡಿ ಅಲ್ಲಿ, ಆ ಕಡೆ ವಿಂಗಲ್ಲಿ ಓಡ್ತಾ ಇದಾನಲ್ಲ, ನಮ್ಮ ಮೊಮ್ಮಗ" ಎಂದರು. ಅಷ್ಟರಲ್ಲಿ ಮೊಮ್ಮಗ ಚೆಂಡು ಕಳೆದುಕೊಂಡ. ತಾತ ತಮಿಳಿನಲ್ಲಿ ಬೈದದ್ದು ಅರ್ಧ ಮೈದಾನಕ್ಕೆ ಕೇಳಿಸಿತು.

ಅವರು ನಮ್ಮನ್ನು ಹಂಗಿಸಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು. ಅಂದಿನಿಂದ ನನಗೆ ನಮ್ಮ ಹವ್ಯಾಸದ ದಾರಿಯೇ ಬೇರೆಯಾಗಿ ಕಾಣತೊಡಗಿತು. ನಾವು ಪುಸ್ತಕ ಓದಿ ಮತ್ತೆ ಹುಟ್ಟಿಸಲು ಹೆಣಗುತ್ತಿದ್ದ ರಾಣಿ ಕಾಲ ಇಲ್ಲಿ ಯಾರೂ ಹುಟ್ಟಿಸದೆ ನಡೆದುಕೊಂಡು ಬಂದಿದೆ, ಆದರೆ ಕೈ ಬದಲಾಗಿದೆ. ದೊರೆಗಳ ಕಾಲಕ್ಷೇಪ ಅವರೊಂದಿಗೇ ಹಡಗು ಹತ್ತಿತು. ಚಾಕರಿಯವರು ಕದ್ದು ನೋಡಿ ಕಲಿತದ್ದು ಇಲ್ಲೇ ಬೇರು ಬಿಟ್ಟಿತು.

ಸಂಜೆ ಅದಕ್ಕೆ ಇನ್ನೆರಡು ಸಾಕ್ಷಿ ದೊರೆತವು. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದು. ದೊರೆಗಳ ಮೇಜಿಗೆಂದು ಕಲಿತ ಪಫ್ ಇಲ್ಲಿ ಒಳಗೆ ಭೇಜಾ ತುಂಬಿಸಿಕೊಂಡಿದೆ. ರಂಜಾನಿನಲ್ಲಿ ಖೋವಾ ನಾನ್‌ಗೆ ಜನ ಮುಗಿಬೀಳುತ್ತಾರೆ. ಸಸ್ಯಾಹಾರಿ ಮೇಡಂ ಬೆಣ್ಣೆ ಬಿಸ್ಕತ್ತಿಗೆ ತೃಪ್ತರಾದರು. ಈ ಬಡಾವಣೆ ಹುಟ್ಟಿದ ಕಥೆಯೂ ಸಣ್ಣದಲ್ಲ. ಚರ್ಚಿಲ್ ಇಲ್ಲಿ ಪೋಲೊ ಆಡುತ್ತಿದ್ದ ವರ್ಷಗಳಲ್ಲೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಓಣಿಗಳು ಸುಡುಗಾಡಾದವು. ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬೇಕೆಂಬುದು ಆಗ ಆಡಳಿತಕ್ಕೆ ಹೊಳೆಯಿತು. ಅತ್ತ ಬಸವನಗುಡಿ, ಮಲ್ಲೇಶ್ವರ. ಇತ್ತ 1910ರ ಹೊತ್ತಿಗೆ ಫ್ರೇಜರ್ ಟೌನ್. ವಾಯುಸೇವನೆ ದೊರೆಗಳಿಗೆ ಹವ್ಯಾಸ, ಓಣಿಯವರಿಗೆ ಜೀವ ಉಳಿಸುವ ಮದ್ದು.

ಇನ್ನೊಂದು ಸಾಕ್ಷಿ ಶಿವಾಜಿನಗರದಲ್ಲಿ, 1882ರ ಸೇಂಟ್ ಮೇರಿ ಬೆಸಿಲಿಕಾ ದಾಟಿ ರಸೆಲ್ ಮಾರ್ಕೆಟ್ ಕಡೆ ನಡೆಯುವಾಗ. ಮದುವೆಯ ಬ್ಯಾಂಡ್ ಸೆಟ್ಟಿನವರು ಮೆರವಣಿಗೆಗೆ ಸಜ್ಜಾಗುತ್ತಿದ್ದರು. ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ಎದೆಯ ಮೇಲೆ ಹಿತ್ತಾಳೆ ಗುಂಡಿಗಳು; ರೆಜಿಮೆಂಟಿನ ಬ್ಯಾಂಡಿನದೇ ಉಡುಪು. ಬೆಳಿಗ್ಗೆ ಉದ್ಯಾನದ ಮಂಟಪದಲ್ಲಿ ಸಿಗದ ಬ್ಯಾಂಡು ಇಲ್ಲಿ ಬೀದಿಯಲ್ಲೇ ಸಿಕ್ಕಿತು. ಕ್ಲಾರಿನೆಟ್ಟಿನವರು ಡಾ. ರಾಜ್ ಅವರ ಹಳೆಯ ಚಿತ್ರಗೀತೆಯೊಂದನ್ನು ಎತ್ತಿಕೊಂಡರು. ಡ್ರಮ್ಮಿನ ಪೆಟ್ಟು ಮಾತ್ರ ಕವಾಯತಿನದೇ, ಎಡ-ಬಲ, ಎಡ-ಬಲ. ಬ್ಯಾಂಕಿನ ಸಾರ್‌ಗೆ ಅರಿವಿಲ್ಲದೆಯೇ ಕಾಲು ಹಾಗೆ ಬೀಳತೊಡಗಿತು. ನಾವು ವರನ ಕಡೆಯವರೋ ವಧುವಿನ ಕಡೆಯವರೋ ಎಂದು ಯಾರೂ ಕೇಳಲಿಲ್ಲ.

ಭಾನುವಾರ ರೈಲಿನ ಸರದಿ. ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದದ್ದು 1864ರ ಆಗಸ್ಟ್ 1ರಂದು. ಪೇಟೆಗಿಂತ ಮೊದಲು ಹೊಗೆಬಂಡಿ ಕಂಡದ್ದು ದಂಡೇ. ಅದೇ ಹಾದಿಯಲ್ಲಿ ನಾವು ಕಂಟೋನ್ಮೆಂಟಿನಲ್ಲಿ ಬಂಗಾರಪೇಟೆ ಕಡೆಯ ಮೆಮು ಹತ್ತಿದೆವು. ಬೆಂಗಳೂರು ಪೂರ್ವ, ಬೈಯಪ್ಪನಹಳ್ಳಿ ಕಳೆದು ಕೆ.ಆರ್. ಪುರ ಬಂದಾಗ ಮೇಲೆ ತೂಗುಸೇತುವೆ, ಅದರ ಮೇಲೆ ಭಾನುವಾರವೂ ಮುಗಿಯದ ವಾಹನಗಳ ಸಾಲು. ನಾವು ಅದರ ಕೆಳಗೆ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಸೌತೆಕಾಯಿ ಸ್ಯಾಂಡ್‌ವಿಚ್ಚೂ ಇತ್ತು. ಒಗ್ಗರಣೆ ಇಲ್ಲದ ಸೌತೆಕಾಯಿ ಯಾರಿಗೂ ಹಿಡಿಸಲಿಲ್ಲ. ಎದುರಿನ ಸೀಟಿನ ಮಾಲೂರಿನ ಅಮ್ಮನೊಬ್ಬರು "ತಗೊಳ್ಳಿ, ಉಪ್ಪಿನಕಾಯಿ ಹಚ್ಕೊಂಡು ತಿನ್ನಿ" ಎಂದು ಡಬ್ಬಿ ಮುಂದೆ ಮಾಡಿದರು. ಉಪ್ಪಿನಕಾಯಿ ಬಿದ್ದ ಮೇಲೆ ಒಂದೂ ಉಳಿಯಲಿಲ್ಲ.

ನಾವು ಇಳಿದ ವೈಟ್‌ಫೀಲ್ಡಿನ ಹಳೆಯ ಊರು ಚಕ್ರದ ಆಕಾರದ್ದು. ಚಾಮರಾಜ ಒಡೆಯರು ಯುರೇಷಿಯನ್ನರ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಂದಾಳು ಡೇವಿಡ್ ವೈಟ್ ಅವರ ಹೆಸರು ಊರಿಗೆ ಬಂತು. ತಂದೆಯ ಕಡೆಯ ಇಂಗ್ಲೆಂಡಿಗೂ ಪೂರ್ತಿ ಸೇರದ, ತಾಯಿಯ ಕಡೆಯ ನಾಡಿಗೂ ಪೂರ್ತಿ ಸೇರದ ಜನರಿಗೆ ಬೇಸಾಯದ ಊರೊಂದನ್ನು ಕಟ್ಟುವ ಕನಸು ಅದು, 1882ರದು. ಇನ್ನರ್ ಸರ್ಕಲ್ಲಿನಲ್ಲಿ ಹೆಂಚಿನ ಮನೆಗಳು ಈಗ ಕೈಬೆರಳೆಣಿಕೆಯಷ್ಟು. ಇಲ್ಲಿನ ವೇವರ್ಲಿ ಇನ್ನಿನ ಒಡೆಯನ ಮಗಳನ್ನು ನೋಡಲು ಚರ್ಚಿಲ್ ಬರುತ್ತಿದ್ದನೆಂಬ ಕಥೆ ಜನರ ಬಾಯಲ್ಲಿದೆ. ಹುಡುಗ ಅದನ್ನು ಹೇಳಿ ಗೆಳತಿಯ ಕಡೆ ನೋಡಿದ. "ಅವನು ಸ್ಟೂಲು ಹಿಡ್ಕೊಂಡು ನಿಲ್ತಿದ್ನಾ?" ಎಂದಳು ಅವಳು.

ಮರಳುವ ರೈಲಿನಲ್ಲಿ ವಾದ ಎದ್ದಿತು. ಇದೆಲ್ಲ ಆಳಿದವರ ಕಾಲಕ್ಕೆ ಬಾಯಿ ಬಿಡುವ ಹುಚ್ಚಲ್ಲವೇ ಎಂದು ಮೇಡಂ ಕೇಳಿದರು. ಟೋಪಿ ನನ್ನದು, ತಲೆ ನನ್ನದು ಎಂದರು ಬ್ಯಾಂಕಿನ ಸಾರ್. ನನ್ನ ಅನಿಸಿಕೆ ಇಷ್ಟು. ನಿಧಾನವಾಗಿ ನಡೆಯುವುದು, ಒಂದು ಚಿಟ್ಟೆಗೆ ಅರ್ಧ ತಾಸು ಕೊಡುವುದು, ಕೆರೆಯನ್ನು ಬಣ್ಣದಲ್ಲಿ ಹಿಡಿಯುವುದು, ಇವೆಲ್ಲ ಸುಖವೇ, ಸುಳ್ಳಲ್ಲ. ಹತ್ತೊಂಬತ್ತು ಜನರ ಬೆವರಿಲ್ಲದೆ ಆ ಸುಖ ಸಿಗುವ ಕಾಲಕ್ಕೆ ನಾವು ಹುಟ್ಟಿದ್ದೇವೆ. ಸ್ಟೂಲು ನಾವೇ ಹೊತ್ತರೆ ಆಯಿತು. ಆದರೆ ರಾಣಿ ಕಾಲ ನೋಡಲು ಹೊರಟವರು ಅಮೃತಶಿಲೆಯಲ್ಲೇ ನಿಂತುಬಿಟ್ಟರೆ ನೋಡಿದ್ದು ಅರ್ಧ. ಉಳಿದರ್ಧ ಮಣ್ಣಿನ ಮೈದಾನದಲ್ಲಿ ಓಡುತ್ತಿದೆ, ಬೇಕರಿಯ ಒಲೆಯಲ್ಲಿ ಬೇಯುತ್ತಿದೆ, ಮದುವೆಯ ಮೆರವಣಿಗೆಯಲ್ಲಿ ನುಡಿಯುತ್ತಿದೆ.

ಮುಂದಿನ ನಡಿಗೆ ಟ್ರಿನಿಟಿ ಚರ್ಚಿನಿಂದ ಬೇಡ, ಗೌತಮಪುರದ ಕಟ್ಟೆಯಿಂದ ಶುರುವಾಗಲಿ ಎಂದು ಕೆ.ಆರ್. ಪುರ ಬರುವಷ್ಟರಲ್ಲಿ ತೀರ್ಮಾನವಾಯಿತು. ಅಲ್ಲಿ ಆಟ ಶುರುವಾಗುವುದು ಮಧ್ಯಾಹ್ನದ ಮೇಲೆ, ಬಿಸಿಲು ಜೋರು ಎಂದು ಬ್ಯಾಂಕಿನ ಸಾರ್ ಗೊಣಗಿದರು. "ಟೋಪಿ ಇದೆಯಲ್ಲ ಸಾರ್" ಎಂದ ಹುಡುಗ.